ಹಸಿಮಣ್ಣಿನ ಬಾಗಿಲು

"ಮಣ್ಣು ಕೊಡವ್ವಾ, ಬಿಸಿಲು ಏರಾಕತ್ತೈತಿ," ಎಂದು ಸೋದರಮಾವ ದುರುಗಣ್ಣ ಮತ್ತೊಮ್ಮೆ ಹೇಳಿದ. ಸಂಘಮಿತ್ರಾಳ ಮುಷ್ಟಿ ಬಿಚ್ಚಲಿಲ್ಲ. ಗುಂಡಿಯೊಳಗೆ ಅವಳವ್ವ ದುರ್ಗಕ್ಕ ಬಿಳಿ ಸೀರೆ ಹೊದ್ದು ಮಲಗಿದ್ದಳು. ಹೆತ್ತವಳ ಮೇಲೆ ಮಣ್ಣು ಹಾಕುವುದಾದರೂ ಹೇಗೆ? ಮೊದಲ ಹಿಡಿ ಮಗಳದೇ ಆಗಬೇಕು. ತಲೆಯ ಮೇಲೆ ತಲೆ ಬಿದ್ದರೂ ಹಿರಿಯರು ಅದನ್ನು ಬಿಡುವವರಲ್ಲ. ಚೋರನೂರಿನ ಅರ್ಧ ಊರು ಕಾಯುತ್ತಾ ನಿಂತಿತ್ತು.

ಅದರಲ್ಲಿ ಅಂಗನವಾಡಿಯ ಮಕ್ಕಳೂ ಇದ್ದರು.

"ಸಣ್ಣ ಹುಡುಗರನ್ನ ಮಣ್ಣಿಗೆ ಯಾರು ಕರಕೊಂಡು ಬಂದೋರು?" ದುರುಗಣ್ಣ ರೇಗಿದ.

"ನಾನು ರೀ," ಎಂದಳು ಅಂಗನವಾಡಿಯ ಅಡುಗೆಯ ಯಲ್ಲಕ್ಕ. "ಬ್ಯಾಡಂದ್ರ ಕೇಳಬೇಕಲ್ಲ? ಟೀಚರ್ ಕಲಿಸಿದ ಹಟ."

*

ಗಂಡ ಹೋದಮೇಲೆ ದುರ್ಗಕ್ಕ ಅಂಗನವಾಡಿ ಟೀಚರಾಗಿ ಒಬ್ಬಳೇ ಮಗಳನ್ನು ಸಾಕಿದಳು. ಹೋದ ವರ್ಷ ಒಂದು ಬೆಳಿಗ್ಗೆ ನೋಡಿದರೆ ಅಂಗನವಾಡಿಯ ಬೀಗದ ತೂತಿಗೆ ಯಾರೋ ಮಣ್ಣು ಮೆತ್ತಿದ್ದರು. ಬೇರೆಯವರಾಗಿದ್ದರೆ ಕಡ್ಡಿ ಹಾಕಿ ಕೆದಕುತ್ತಿದ್ದರು. ಈ ಪುಣ್ಯಾತ್ಗಿತ್ತಿ ಚಿಲಕವನ್ನೇ ಬಿಚ್ಚಿಸಿ, ಬೀಗವನ್ನು ಹಾಗೇ ಗೋಡೆಗೆ ನೇತುಹಾಕಿ, ಮಕ್ಕಳನ್ನು ಕರೆದು ಆ ಮಣ್ಣು ತೋರಿಸಿದಳು.

"ಇದು ಒಂಟಿಜೇನಿನ ಕೆಲಸ. ಇದಕ್ಕ ರಾಣಿ ಇಲ್ಲ, ಬಳಗ ಇಲ್ಲ. ಒಬ್ಬಾಕೀನ ತತ್ತಿ ಇಟ್ಟು, ಮರಿಗೆ ಊಟ ಇಟ್ಟು, ಹಸಿಮಣ್ಣಿಂದ ಬಾಗಿಲು ಮುಚ್ಚಿ ಹೋಗ್ತಾಳ. ಆಕಿಗೆ ನಾವೂ ಮನಿ ಕಟ್ಟೋಣೇನು?"

ಮಕ್ಕಳು ಮೊದಲು ನಕ್ಷೆ ಬರೆದರು. ಕೆಲವರು ಪಪ್ಪಾಯಿ ದಂಟು ತಂದರು, ಕೆಲವರು ಬಿದಿರಿನ ತುಂಡು. ಶೈಲಶ್ರೀ ಮಾತ್ರ ರಟ್ಟಿನ ಮನೆ ಮಾಡಿ ಸುತ್ತ ಕಿಟಕಿ ಕೊರೆದಳು. ಹೊಸಪೇಟೆಯಿಂದ ರಜೆಗೆ ಬಂದಿದ್ದ ಸಂಘಮಿತ್ರಾಗೆ ನಗು ತಡೆಯಲಾಗಲಿಲ್ಲ.

"ಅವ್ವಾ, ಬೆಳಕಿದ್ರ ಜೇನು ಬರಂಗಿಲ್ಲ ಅಂತ ಹೇಳಬಾರದೇನು?"

"ಹೇಳಿದ್ರ ಅದು ನನ್ನ ಮನಿ ಆಗ್ತೈತಿ. ಸುಮ್ನಿರು."

ಪಪ್ಪಾಯಿ ದಂಟುಗಳ ಬಾಯಿಗೆ ಒಂದೊಂದಾಗಿ ಮಣ್ಣಿನ ಬಾಗಿಲು ಬಿತ್ತು. ರಟ್ಟಿನ ಮನೆಗೆ ನೊಣವೂ ಬರಲಿಲ್ಲ. ಶೈಲಶ್ರೀ ಅತ್ತಳು, ಊಟ ಬಿಟ್ಟಳು, ಕೊನೆಗೆ ಒಂದು ದಿನ ತಾನೇ ಮಣ್ಣು ಕಲಸಿ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೇ ತೂತು ಉಳಿಸಿದಳು. ಜೇನು ಬಂದ ದಿನ ದುರ್ಗಕ್ಕ ಮಗಳಿಗೆ ಫೋನ್ ಮಾಡಿ ಕುಣಿದದ್ದೇ ಕುಣಿದದ್ದು.

*

ಈಗ ಆ ಶೈಲಶ್ರೀಯೇ ಯಲ್ಲಕ್ಕನ ಕೈ ಕೊಸರಿಕೊಂಡು ಗುಂಡಿಯ ಹತ್ತಿರ ಬಂದಳು. ಸಂಘಮಿತ್ರಾಳ ಬೆರಳ ಸಂದಿಯಿಂದ ಕೆಂಪು ಮಣ್ಣು ಸುರಿಯುವುದನ್ನು ನೋಡಿದಳು.

"ಅಕ್ಕಾ, ಒಣಮಣ್ಣು ನಿಲ್ಲಂಗಿಲ್ಲ."

ಕೈ ತೊಳೆಯಲು ಇಟ್ಟಿದ್ದ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮುಷ್ಟಿಯ ಮೇಲೆ ಬಗ್ಗಿಸಿದಳು.

"ಒಳಗಿನೋರಿಗೆ ಬಿಸಿಲು ಬಡೀಬಾರದು ಅಂತ ಬಾಗಿಲು ಮುಚ್ಚೋದು. ಟೀಚರ್ ಹೇಳ್ಯಾರ."

ಬೆಳಗಿನಿಂದ ಕಲ್ಲಿನಂತಿದ್ದ ಸಂಘಮಿತ್ರಾ ಆಗ ಅತ್ತಳು. ಅಳುತ್ತಲೇ ಗುಂಡಿಗಿಳಿದು ಮಂಡಿಯೂರಿ, ಮೆತ್ತಗಾದ ಹಿಡಿಮಣ್ಣನ್ನು ಅವ್ವನ ಪಾದದ ಬಳಿ ಇಟ್ಟು, ಬೆರಳಿನಿಂದ ಒತ್ತಿದಳು.

ಇನ್ನು ಉಳಿದವರ ಸರದಿ. ಗಡಿಬಿಡಿ ಮಾಡುತ್ತಿದ್ದ ದುರುಗಣ್ಣ ಮುಂದೆ ಬಂದ. ಕೈಯಲ್ಲಿದ್ದ ಮಣ್ಣನ್ನು ಹಾಕಲು ಹೋದವನು ತಡೆದು ನಿಂತ. ಆಮೇಲೆ ಶೈಲಶ್ರೀಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಷ್ಟಿಯನ್ನು ಚೊಂಬಿನ ಕೆಳಗೆ ಹಿಡಿದ.