ಸುಲಿದ ಮೊಗ್ಗು

ನೆನೆಸಿದ ಹತ್ತಿಕಾಳಿನ ವಾಸನೆ ಎಂದರೆ ನನಗೆ ಮಾನ್ವಿಯ ನಮ್ಮ ದನದ ಕೊಟ್ಟಿಗೆ. ಎಣ್ಣೆಯ ಜಿಡ್ಡು, ಸ್ವಲ್ಪ ಹುಳಿ, ಎಮ್ಮೆಯ ಬಿಸಿ ಉಸಿರು. ರಾಯಚೂರಿನಲ್ಲಿ ವಿರೂಪಣ್ಣನವರ ಬೀಜ ಕಂಪನಿಯ ಮೆಟ್ಟಿಲು ಹತ್ತುವಾಗ ಅದೇ ವಾಸನೆ ಬಂತು. ಒಳ್ಳೆಯ ಶಕುನ ಅಂದುಕೊಂಡೆ.

ಜೊತೆಗೆ ವಿಶಾಖಾ ಇದ್ದಳು. ಗಬ್ಬೂರಿನ ಬಸ್ಸಮ್ಮನ ಮಗಳು, ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸಿದ ಕೊನೆಯ ತಂಡದವಳು. ಹತ್ತನೇ ವಯಸ್ಸಿನಿಂದ ಬೀಜದ ಹೊಲಗಳಲ್ಲಿ ಹತ್ತಿಯ ಕ್ರಾಸಿಂಗ್ ಕೂಲಿ ಮಾಡುತ್ತ ಓದಿದವಳು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳು, ಕೇಸರ ಎರಡನ್ನೂ ಸುಲಿದು ಹಾಕಬೇಕು. ನಡುವಿನ ಕಡ್ಡಿಯಷ್ಟೇ ಉಳಿಯಬೇಕು. ಬೆಳಿಗ್ಗೆ ಅದಕ್ಕೆ ಬೇರೆ ತಳಿಯ ಪರಾಗ ಸವರುತ್ತಾರೆ.

ಈಗ ಅವಳು ಹೂ, ಕಾಯಿ, ಎಲೆಗಳನ್ನು ಮೇಜಿನ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯುತ್ತಾಳೆ. ಹನ್ನೆರಡು ಚಿತ್ರ ಅವಳ ಹೆಸರಿನಲ್ಲಿ ಕಂಪನಿಯ ಕ್ಯಾಲೆಂಡರಿನಲ್ಲಿ ಬಂದರೆ, ಅಲ್ಲೇ ಕಾಯಂ ಕೆಲಸ. ಶಿಫಾರಸು ನನ್ನದೇ.

ವಿರೂಪಣ್ಣ ಹನ್ನೊಂದನ್ನು ಹೊಗಳಿದರು. ಹನ್ನೆರಡನೆಯದರಲ್ಲಿ ಹಿತ್ತಾಳೆ ತಂಬಿಗೆ, ಅದರೊಳಗೆ ಹತ್ತಿಯ ಟೊಂಗೆ, ಕೆನೆಬಣ್ಣದ ಒಂದು ಹೂ. ಅವರು ಕನ್ನಡಕ ಸರಿಮಾಡಿಕೊಂಡು ನಗತೊಡಗಿದರು.

“ಯಾಕವಾ, ಈ ಮೊಗ್ಗಿ ಸುಲದು ಇಟ್ಟೀಯಲ್ಲ?”

ಹೂವಿನ ಪಕ್ಕದಲ್ಲಿ ಎಸಳಿಲ್ಲದ ಮೊಗ್ಗು. ವಿಶಾಖಾ ಬಗ್ಗಿ ನೋಡಿದಳು. ಸಂಜೆ ಹೊಲದಲ್ಲಿ ಟೊಂಗೆ ಮುರಿಯುವಾಗ ಅವಳ ಹೆಬ್ಬೆರಳು ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

“ನನಗ ಗೊತ್ತೇ ಆಗಿಲ್ರೀ, ಸಾವ್ಕಾರ್ರ.”

“ಏ, ಎಲ್ಲಾರೂ ಬರ್ರಿ ಇಲ್ಲಿ!” ಆಫೀಸಿನವರನ್ನೆಲ್ಲ ಕರೆದರು. “ಕ್ಯಾಮೆರಾ ಕೊಟ್ರೂ ಕೈ ಕೂಲಿ ಬಿಡಂಗಿಲ್ಲ ನೋಡ್ರಿ. ಮದಿವಿಗಿ ಕರಕೊಂಡು ಹೋದ್ರ ಮದುಮಗಳ ತಲಿ ಮ್ಯಾಲಿನ ಹೂವಿನ ದಂಡಿನೂ ಸುಲಿತಾಳ ಈಕಿ!”

ಎಲ್ಲರೂ ನಕ್ಕರು. ಬಿಲ್ ಬರೆಯುವ ಮೆಹನಾಜ್ ಮಾತ್ರ ತಲೆ ತಗ್ಗಿಸಿದಳು.

“ಮೇಡಂರ, ನೀವು ಇದನ್ನೇ ಪಾಠ ಮಾಡಿದವ್ರು. ನೋಡಿ ಕಳಿಸಿಲ್ಲೇನು?”

ನೋಡಿದ್ದೆ, ಹಿಂದಿನ ದಿನವೇ. ಅವಳು ಬೇಕೆಂದೇ ಇಟ್ಟಿದ್ದಾಳೆಂದು ತಿಳಿದು, ಆ ಮೊಗ್ಗೇ ಚಿತ್ರದ ಜೀವ ಎಂದು ಮನಸ್ಸಿನಲ್ಲೇ ಮೆಚ್ಚಿದ್ದೆ. ಈಗ ವಿಶಾಖಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕಣ್ಣು ಮೊದಲಿನಂಗ ಕಾಣಂಗಿಲ್ರೀ,” ಅಂದೆ.

ವಿರೂಪಣ್ಣ ಕಂಪ್ಯೂಟರಿನ ಮುಂದಿದ್ದ ಶಕೀಲನತ್ತ ತಿರುಗಿದರು. “ಆ ಮೊಗ್ಗಿ ಅಳಿಸಿಬಿಡು. ಫೋಟೋ ಭಾಳ ಛಂದ ಅವ, ಹನ್ನೆರಡೂ ಇಟ್ಕೋ. ಕೆಳಗ ನಿನ್ನ ಹೆಸರು ಹಾಕು.”

“ಹೆಸರರೆ ನಂದಿರ್ಲಿ, ಯಪ್ಪಾ,” ಅಂದಳು ವಿಶಾಖಾ.

“ಹೆಸರು ತಗೊಂಡು ಏನ್ ಮಾಡ್ತಿ? ಗಬ್ಬೂರಿನ ಹೊಲದಾಗ ಕ್ರಾಸಿಂಗ್ ನಡದದ. ನಿಮ್ಮವ್ವ ಒಬ್ಬಾಕಿನೇ ಒದ್ದಾಡಾಕತ್ತಾಳ. ನಾಳಿ ಆರಕ್ಕ ಗಾಡಿ ಬರ್ತದ, ಹತ್ತು. ಅಂಥಾ ಉಗುರು ನಮಗ ಬೇಕವಾ.”

ಶಕೀಲ ಆಗಲೇ ಮೊಗ್ಗನ್ನು ಅಳಿಸುತ್ತಿದ್ದ. ವಿಶಾಖಾ ಅದು ಪೂರ್ತಿ ಮಾಯವಾಗುವವರೆಗೂ ನಿಂತು ನೋಡಿದಳು. ಆಮೇಲೆ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಕೆಳಗಿಳಿದಳು. ನಾನು ಹಿಂದೆಯೇ ಇಳಿದು, ಆಟೋಕ್ಕೆಂದು ಅವಳ ಕೈಗೆ ದುಡ್ಡು ಕೊಡಹೋದೆ.

“ಬ್ಯಾಡ್ರೀ ಮೇಡಂ. ನಿಮಗ ಕಣ್ಣು ಕಾಣಂಗಿಲ್ಲ, ಹುಷಾರಿಂದ ಮನಿಗಿ ಹೋಗ್ರಿ.”

ಅಷ್ಟರಲ್ಲಿ ಮೆಹನಾಜ್ ಇಳಿದು ಬಂದಳು. ನನ್ನತ್ತ ನೋಡಲಿಲ್ಲ. ತನ್ನ ಊಟದ ಡಬ್ಬಿಯನ್ನು ವಿಶಾಖಾಳ ಕೈಗಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಮಡಚಿ, ಮೇಲೆ ಹೋದಳು.