ಹನ್ನೊಂದು ಹೆಜ್ಜಾರ್ಲೆ

ನನ್ನ ಓರಗಿತ್ತಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಹನ್ನೊಂದು ಭಾರೀ ಬಿಳಿ ಹಕ್ಕಿಗಳನ್ನು ಕಂಡಳು. ಆ ಹೊತ್ತಿಗೆ ನಾನು ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಕಿಟಕಿಗೆ ಬೆನ್ನು ಹಾಕಿ ಕ್ಲೋರಿನ್ ಅಳೆಯುತ್ತಿದ್ದೆ.

ಊರಿನ ಪಕ್ಷಿವೀಕ್ಷಕರ ಸಂಘದ ಪಟ್ಟಿ ಹತ್ತೊಂಬತ್ತು ವರ್ಷಗಳಿಂದ ನನ್ನ ಕೈಯಲ್ಲಿದೆ. ಇನ್ನೂರ ಹದಿನಾಲ್ಕು ಜಾತಿಗಳು, ಪ್ರತಿ ಸಾಲಿನಲ್ಲೂ ಅದನ್ನು ಮೊದಲು ಕಂಡವರ ಹೆಸರು. ಸಮುದ್ರ ನಮ್ಮಿಂದ ಮುನ್ನೂರು ಮೈಲಿ ದೂರ, ಹತ್ತಿರದಲ್ಲಿ ದೊಡ್ಡ ಕೆರೆಯೂ ಇಲ್ಲ. ಇರುವುದು ನಮ್ಮ ಘಟಕದ ಎರಡು ತೊಟ್ಟಿ. ಪಟ್ಟಿಯಲ್ಲಿಲ್ಲದ, ಕೊಕ್ಕಿನಡಿ ಚೀಲ ಹೊತ್ತ ಹೆಜ್ಜಾರ್ಲೆಯೊಂದು ವಲಸೆಯ ದಾರಿ ತಪ್ಪಿಯಾದರೂ ಅಲ್ಲಿ ಇಳಿದೀತೆಂದು ಪ್ರತಿವರ್ಷ ಊಟದ ಬಿಡುವಿನಲ್ಲಿ ಕತ್ತೆತ್ತಿ ನಿಂತಿದ್ದೇನೆ. ಸಹೋದ್ಯೋಗಿಗಳು ನನಗಿಟ್ಟ ಹೆಸರು 'ಹವಾಮಾನ ಇಲಾಖೆ'.

ಕೆಳಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಓರಗಿತ್ತಿ ಈ ಹವ್ಯಾಸಕ್ಕೆ ಬಿದ್ದು ಎಂಟು ತಿಂಗಳು. ದುರ್ಬೀನು ಕೂಡ ನನ್ನದೇ ಹಳೆಯದು.

ಸಂಜೆ ನನ್ನನ್ನು ಮೆಟ್ಟಿಲಲ್ಲೇ ಹಿಡಿದಳು. "ಅಕ್ಕಾ, ಎಂಥಾ ಹಕ್ಕಿ ಗೊತ್ತಾ! ರೆಕ್ಕೆ ಬಡೀತಾನೇ ಇರ್ಲಿಲ್ಲ. ಮೈಯೆಲ್ಲಾ ಬಿಳಿ, ರೆಕ್ಕೆಯ ಹಿಂದಂಚು ಮಾತ್ರ ಕಪ್ಪು."

"ಬಿಳಿ ಕೊಕ್ಕರೆ ಇರಬೇಕು," ಎಂದೆ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

ಸಂಘದಲ್ಲಿ ಒಂದು ನಿಯಮವಿದೆ. ಹಕ್ಕಿ ಕಂಡವರು ಪುಸ್ತಕ ತೆರೆಯುವ ಮೊದಲೇ, ಕಂಡದ್ದನ್ನು ಕಂಡಂತೆ ಪಟ್ಟಿಯವರಿಗೆ ಹೇಳಬೇಕು, ಅವರು ಬರೆದುಕೊಳ್ಳಬೇಕು. ಚಿತ್ರ ನೋಡಿದ ಮೇಲೆ ನೆನಪು ಚಿತ್ರದಂತೆಯೇ ಬದಲಾಗಿಬಿಡುತ್ತದೆ. ಈ ನಿಯಮ ಮಾಡಿದವಳು ನಾನೇ. ಒಳಗೆ ಹೋಗಿ ಪೆನ್ನು ತೆಗೆದೆ.

"ಕತ್ತು ಹೇಗಿತ್ತು?"

"ಕತ್ತೇ ಕಾಣ್ಲಿಲ್ಲಕ್ಕ. ತಲೆ ಹೆಗಲ ಮೇಲೇ ಕೂತಂಗಿತ್ತು. ನೆಗಡಿ ಬಂದಾಗ ನಿಮ್ಮ ಮೈದುನ ಕೂರ್ತಾರಲ್ಲ, ಥೇಟ್ ಹಾಗೆ. ಮತ್ತೆ ತಿರುಗೋವಾಗ ಹನ್ನೊಂದೂ ಒಟ್ಟಿಗೇ ತಿರುಗ್ತಿದ್ವು."

ನನ್ನ ಪೆನ್ನು ನಿಂತಿತು. ಕೊಕ್ಕರೆ ಕತ್ತನ್ನೂ ಕಾಲನ್ನೂ ನೀಳವಾಗಿ ಚಾಚಿ ಹಾರುತ್ತದೆ. ಕತ್ತು ಮಡಿಸಿ, ಕವಾಯತು ಮಾಡುವವರಂತೆ ಒಟ್ಟಿಗೆ ತಿರುಗುವುದು ಹೆಜ್ಜಾರ್ಲೆ. ಹತ್ತೊಂಬತ್ತು ವರ್ಷ ಕತ್ತೆತ್ತಿ ನಿಂತವಳು ನಾನು.

"ಕಾಲು ಬಾಲದಿಂದಾಚೆ ಬಂದಿತ್ತು ಅಲ್ವಾ?"

"ಕಾಲು... ನೋಡ್ಲಿಲ್ಲ."

"ಬಿಸಿಲು ಕಣ್ಣಿಗೆ ಹೊಡೀತಿತ್ತಲ್ಲ. ಕತ್ತು ಚಾಚಿದ್ದೂ ಕಾಣದೆ ಹೋಗಿರಬಹುದು. ಕೊಕ್ಕರೆ ಅಂದ್ಮೇಲೆ ಚಾಚಿರ್ಲೇಬೇಕು ಕಣೇ."

"ಹಂಗಾದ್ರೆ ಚಾಚಿತ್ತೇನೋ. ನೀವೇ ಹೇಳಿದ್ಮೇಲೆ ಇನ್ನೇನು," ಎಂದು ನಕ್ಕಳು.

'ಕತ್ತು ಚಾಚಿತ್ತು. ಬಿಳಿ ಕೊಕ್ಕರೆ, ಹನ್ನೊಂದು' ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು. ಕೊಕ್ಕರೆ ನಮ್ಮ ಪಟ್ಟಿಯಲ್ಲಿ ಮೊದಲೇ ಇದ್ದುದರಿಂದ ಹೊಸ ಸಾಲು ಬೇಕಾಗಲಿಲ್ಲ.

ಮರುದಿನದಿಂದ ಮೂರು ದಿನ ರಜೆ ಹಾಕಿ ತೊಟ್ಟಿಯ ದಂಡೆಯಲ್ಲಿ ಕೂತೆ. ಒಂದೇ ಒಂದು ಹೆಜ್ಜಾರ್ಲೆ ಬಂದರೂ ಇನ್ನೂರ ಹದಿನೈದನೆಯ ಸಾಲಿನಲ್ಲಿ ನನ್ನ ಹೆಸರು ಇರುತ್ತಿತ್ತು. ಬಂದದ್ದು ಕಾಗೆ, ಆಮೇಲೆ ಕಾವಲುಗಾರ. "ರಜೆ ಹಾಕಿ ಆಫೀಸಿಗೇ ಬಂದಿದ್ದೀರಲ್ಲ ಮೇಡಂ, ಮನೇಲಿ ಅಷ್ಟು ಕಷ್ಟಾನಾ?" ಎಂದ.

ಭಾನುವಾರದ ಸಭೆಯಲ್ಲಿ ಪಟ್ಟಿ ಓದಿದೆ. ಸಂಘದ ಅಧ್ಯಕ್ಷರಾದ ದಂತವೈದ್ಯರು ತಡೆದರು.

"ಬುಧವಾರ ಬೆಳಿಗ್ಗೆ ಹನ್ನೊಂದಕ್ಕಾ? ಪಕ್ಕದೂರಿನವರು ಅವತ್ತೇ ಒಂಬತ್ತಕ್ಕೆ ಹನ್ನೊಂದು ಹೆಜ್ಜಾರ್ಲೆ ಫೋಟೋ ತೆಗೆದಿದ್ದಾರೆ. ನಮ್ಮ ಕಡೆಗೇ ಬರ್ತಿದ್ವಂತೆ." ಫೋನನ್ನು ಮೇಜಿನ ಮೇಲಿಟ್ಟರು.

ಓರಗಿತ್ತಿ ಬಗ್ಗಿದಳು. "ಇವೇ ಡಾಕ್ಟ್ರೇ! ತಲೆ ನೋಡಿ, ಹೆಗಲ ಮೇಲೆ!"

ನಮ್ಮ ಪಟ್ಟಿಯಲ್ಲಿ ಏನನ್ನೂ ಅಳಿಸುವಂತಿಲ್ಲ. ತಪ್ಪಿನ ಮೇಲೊಂದು ಗೆರೆ, ಪಕ್ಕದಲ್ಲಿ ಕಾರಣ, ಕೆಳಗೆ ಸಹಿ. ಗೆರೆ ಎಳೆದು ಕಾರಣ ಬರೆದೆ: 'ಕಂಡವರ ವಿವರಣೆ ಅಸ್ಪಷ್ಟ.'

ಓರಗಿತ್ತಿಯ ನಗು ಇಳಿಯಿತು.

"ಅಸ್ಪಷ್ಟ ಎಲ್ಲಿತ್ತಕ್ಕ? ಕತ್ತು ಕಾಣ್ಲಿಲ್ಲ ಅಂತ ಮೊದಲೇ ಹೇಳಿದ್ನಲ್ಲ. ಚಾಚಿತ್ತು ಅಂದಿದ್ದು ನೀವು."

ದಂತವೈದ್ಯರು ಫೋನು ಒರೆಸತೊಡಗಿದರು. 'ನೆನಪಿಲ್ಲ ಕಣೇ' ಎಂದಿದ್ದರೆ ಸಾಕಿತ್ತು. ಅವಳು ನಂಬುತ್ತಿದ್ದಳು, ಹೋಗಲಿ ಬಿಡಿ ಎಂದೂ ಅನ್ನುತ್ತಿದ್ದಳು. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಹಕ್ಕಿಯೂ ಅವಳದೇ, ದೊಡ್ಡತನವೂ ಅವಳದೇ ಆಗಬೇಕೆ?

ಆ ಕಾರಣದ ಮೇಲೂ ಗೆರೆ ಎಳೆದೆ. 'ವಿವರಣೆ ಸ್ಪಷ್ಟವಾಗಿತ್ತು. ಬರೆದುಕೊಂಡವಳಿಗೆ ಹೊಟ್ಟೆಕಿಚ್ಚು' ಎಂದು ಬರೆದು ಸಹಿ ಹಾಕಿದೆ.

ದಂತವೈದ್ಯರು ಎರಡು ಸಲ ಓದಿದರು. "ಇದನ್ನ ಹೀಗೇ ಬಿಡೋದಾ?"

"ಅಳಿಸೋ ಹಾಗಿಲ್ಲವಲ್ಲ," ಎಂದಳು ಓರಗಿತ್ತಿ.

ಅವಳ ದನಿಯಲ್ಲಿ ದೊಡ್ಡತನವೇನೂ ಇರಲಿಲ್ಲ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. ನಾನು ಹೊಸ ಸಾಲಿನಲ್ಲಿ ಅವಳ ಹೆಸರು ಬರೆದು ಮುಗಿಸುವವರೆಗೂ ಅವಳು ಪೆನ್ನಿನ ತುದಿಯಿಂದ ಕಣ್ಣು ಕೀಳಲಿಲ್ಲ.