ಮಾಳಿಂಗಪ್ಪನ ಜೇಬಿನಲ್ಲಿ ನಡೆದ ಸಾಹೇಬರು

ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಲ್ಯಾಣಕುಮಾರ ಎಂಬ ಸೂಪರಿಂಟೆಂಡೆಂಟ್ ಇದ್ದರು. ವಯಸ್ಸು ನಲವತ್ತೊಂಬತ್ತು, ತೂಕ ತೊಂಬತ್ತಾರು ಕೆ.ಜಿ. ಅವರು ಎದ್ದರೆ ಕುರ್ಚಿಯೂ ಒಂದು ಗಳಿಗೆ ಅವರ ಜೊತೆಗೇ ಎದ್ದು ಆಮೇಲೆ ಕೆಳಗೆ ಬೀಳುತ್ತಿತ್ತು. ಆದ್ದರಿಂದ ಏಳುವುದನ್ನೇ ಅವರು ಕಡಿಮೆ ಮಾಡಿದ್ದರು.

ದಸರೆ ಕಳೆದ ಮೇಲೆ ಸುತ್ತೋಲೆಯೊಂದು ಬಂತು. ಅದರ ಹೆಸರು 'ಆರೋಗ್ಯ ಹೆಜ್ಜೆ'. ಕಾಯಂ ನೌಕರರೆಲ್ಲ ಮೂರು ತಿಂಗಳು ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು. ಮೊಬೈಲ್ ಎಣಿಸಿದ ಲೆಕ್ಕದ ಚಿತ್ರವನ್ನು ಸಂಜೆ ಆರಕ್ಕೆ ವಾಟ್ಸಾಪ್ ಗುಂಪಿಗೆ ಹಾಕಬೇಕು. ಮೊದಲ ದಿನ ಕಲ್ಯಾಣಕುಮಾರರು ಏದುಸಿರು ಬಿಡುತ್ತ ಎಂಟು ನೂರಾ ಹನ್ನೆರಡು ಹೆಜ್ಜೆ ಹಾಕಿದರು. ಮೇಲಧಿಕಾರಿ ಅದರ ಕೆಳಗೆ 'ಪ್ರಗತಿ ಕುಂಠಿತ' ಎಂದು ಬರೆದರು.

ಮರುದಿನ ಅವರು ಜವಾನ ಮಾಳಿಂಗಪ್ಪನನ್ನು ಕರೆದರು. ಹೊರಗುತ್ತಿಗೆಯವನಾದ್ದರಿಂದ ಅವನ ಆರೋಗ್ಯ ಸುತ್ತೋಲೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಟಪಾಲು, ಕಡತ, ಚಹಾ ಎಂದು ಅವನು ಬೆಳಗಿನಿಂದ ಸಂಜೆತನಕ ಊರೆಲ್ಲ ತಿರುಗುತ್ತಿದ್ದ.

"ಇದನ್ನ ಜೇಬಿನಾಗ ಇಟ್ಕೊಂಡು ಅಡ್ಡಾಡಪಾ," ಎಂದು ಸಾಹೇಬರು ಮೊಬೈಲ್ ಕೊಟ್ಟರು.

"ಯಾರರ ಫೋನ್ ಮಾಡಿದ್ರ ಏನ್ ಹೇಳ್ಲಿರಿ ಸಾಹೇಬ್ರ?"

"ಸಾಹೇಬ್ರು ವಾಕಿಂಗ್ ಹೋಗ್ಯಾರ ಅನ್ನು."

ಒಂದು ವಾರದಲ್ಲಿ ಗುಮಾಸ್ತರದೂ ಸೇರಿ ಐದು ಮೊಬೈಲುಗಳು ಮಾಳಿಂಗಪ್ಪನ ಮೈಮೇಲೆ ಬಂದವು. ಹೆಂಡತಿ ಗಂಗಾಬಾಯಿ ಅವನ ಅಂಗಿಗೆ ಒಳಜೇಬು ಹೊಲಿದುಕೊಟ್ಟಳು. ಸಂಜೆ ಐವರೂ ಹದಿನಾಲ್ಕು ಸಾವಿರದ ಆಸುಪಾಸು ಹೆಜ್ಜೆ ತೋರಿಸುತ್ತಿದ್ದರು, ಹತ್ತಿಪ್ಪತ್ತರ ಅಂತರ ಅಷ್ಟೇ. ಮೂರು ತಿಂಗಳು ಮುಗಿದಾಗ, ಒಬ್ಬರನ್ನೊಬ್ಬರು ಬಿಟ್ಟು ನಡೆಯದ ಇಂಥ ಒಗ್ಗಟ್ಟನ್ನು ಬೇರೆಲ್ಲೂ ಕಂಡಿಲ್ಲವೆಂದು ಮೇಲಧಿಕಾರಿ ಹೊಗಳಿ, ಪ್ರಮಾಣಪತ್ರದ ಜೊತೆ ಮೊದಲ ಬಹುಮಾನದ ಕಪ್ ಕೊಟ್ಟರು. ಕಲಬುರಗಿಯಿಂದ ಆ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದವನೂ ಮಾಳಿಂಗಪ್ಪನೇ.

ಗೆದ್ದವರಿಗೆ ವೈದ್ಯಕೀಯ ತಪಾಸಣೆ ಉಚಿತವೆಂದರು. ಕಲ್ಯಾಣಕುಮಾರರು ತೂಕದ ಯಂತ್ರ ಹತ್ತಿದಾಗ ಮುಳ್ಳು ತೊಂಬತ್ತೊಂಬತ್ತಕ್ಕೆ ಹೋಗಿ ನಿಂತಿತು. ರಕ್ತದ ಸಕ್ಕರೆಯೂ ಏರಿತ್ತು. ವೈದ್ಯೆ ಅಮೃತ ಪ್ರಮಾಣಪತ್ರವನ್ನು ನೋಡಿದರು, ಸಾಹೇಬರ ಹೊಟ್ಟೆಯನ್ನು ನೋಡಿದರು, ಮತ್ತೆ ಪ್ರಮಾಣಪತ್ರ ನೋಡಿದರು.

"ಊಟ ಏನ್ ಮಾಡ್ತೀರಿ?"

"ಒಂದು ರೊಟ್ಟಿ, ಪುಂಡಿಪಲ್ಯಾ, ಅಷ್ಟರಿ," ಎಂದರು ಸಾಹೇಬರು. ನಾಲ್ಕು ರೊಟ್ಟಿ, ಅದರ ಮೇಲೆ ಅನ್ನ, ಸಂಜೆಯ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಯಾವುದರ ಬಗ್ಗೆಯೂ ಬಾಯಿ ಬಿಡಲಿಲ್ಲ.

ಅಮೃತರ ಮುಖ ಗಂಭೀರವಾಯಿತು. "ಇಷ್ಟು ಕಮ್ಮಿ ಉಂಡು, ಇಷ್ಟು ನಡದು ತೂಕ ಏರ್ತದಂದ್ರ ಇದು ಸಾದಾ ಮಾತಲ್ರಿ. ಒಳಗ ಏನೋ ದೊಡ್ಡದಿರಬೇಕು. ರಕ್ತ ಕೊಡ್ರಿ, ಆಮ್ಯಾಲ ಕಲಬುರಗಿಗಿ ಹೋಗಿ ಸ್ಕ್ಯಾನ್ ಮಾಡಸ್ರಿ."

ಹೊರಗೆ ಕಾಯುತ್ತಿದ್ದ ಹೆಂಡತಿ ಜಯಮಾಲಾ ವಿಷಯ ಕೇಳಿ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾಲ್ಕು ದಿನ ಮನೆಯಲ್ಲಿ ಒಗ್ಗರಣೆಯ ಸದ್ದಿರಲಿಲ್ಲ. ಸಾಹೇಬರ ತೋಳಿಗೆ ಐದು ಸಲ ಸೂಜಿ ಚುಚ್ಚಿದರು. ಸಕ್ಕರೆ ಬಿಟ್ಟರೆ ಯಾವ ವರದಿಯಲ್ಲೂ ಬೇರೆ ರೋಗ ಸಿಗಲಿಲ್ಲ. ಸಿಗದಷ್ಟೂ ಅದು ದೊಡ್ಡದೆಂದು ಜಯಮಾಲಾ ನಂಬಿದಳು.

ಐದನೆಯ ದಿನ ಬೆಳಿಗ್ಗೆ ಅವಳು ಬಟ್ಟೆಯಲ್ಲಿ ಖಡಕ್ ರೊಟ್ಟಿ ಕಟ್ಟುತ್ತಿದ್ದಳು. ಎಲ್ಲಿಗೆಂದು ಗಂಡ ಕೇಳಿದರು.

"ಘತ್ತರಗಿ ಭಾಗ್ಯವಂತಿ ದೇವಿಗಿ ಹರಕಿ ಹೊತ್ತೇನ್ರಿ. ನಿಮ್ಮ ಜಡ್ಡು ವಾಸಿ ಆಗ್ಲಿ ಅಂತ ಬರಿಗಾಲಿಲೆ ನಡ್ಕೊಂಡು ಹೊಂಟೇನಿ."

ಅವಳ ಮೊಣಕಾಲು ನೋವು ಅವರಿಗೆ ಗೊತ್ತಿತ್ತು.

"ಜಯಾ, ನಾ ನಡದಿಲ್ಲ."

"ಎಲ್ಲಿಗಿ?"

"ಎಲ್ಲಿಗೂ ನಡದಿಲ್ಲ. ಎಲ್ಲಾ ಮಾಳಿಂಗಪ್ಪನ ಹೆಜ್ಜಿ."

ಕೇಳಿ ಮುಗಿಯುವಷ್ಟರಲ್ಲಿ ಜಯಮಾಲಾಳ ಅಳು ಸಿಟ್ಟಿಗೆ ತಿರುಗಿತ್ತು. ರೊಟ್ಟಿಯ ಗಂಟನ್ನು ಅವರ ಮುಂದೆ ಕುಕ್ಕಿದಳು. "ನಾಕು ದಿನದಿಂದ ನನ್ನ ಅಳಸಾಕತ್ತೀರಲ್ರಿ! ಏಳ್ರಿ, ಡಾಕ್ಟರ್ ಮುಂದ ಬಂದು ಇದನ್ನ ಹೇಳ್ರಿ. ಗಾಡಿ ಬ್ಯಾಡ, ನಡ್ಕೊಂಡ ಬರ್ರಿ!"

ಹೆಜ್ಜೆಯ ಕಥೆಯನ್ನೂ ನಾಲ್ಕು ರೊಟ್ಟಿಯ ನಿಜವನ್ನೂ ಕೇಳಿ ಅಮೃತ ನಗಲಿಲ್ಲ. ಸ್ಕ್ಯಾನಿನ ಚೀಟಿ ಹರಿದು ಬುಟ್ಟಿಗೆ ಹಾಕಿದರು.

"ನಾಕು ರೊಟ್ಟಿ ಮೂರು ಮಾಡ್ರಿ. ಗಂಗಾಳದಾಗ ಅರ್ಧಾ ಪಲ್ಯಾ, ಸವತಿಕಾಯಿ ಇರ್ಲಿ. ಚಾದಾಗ ಸಕ್ರಿ ಬ್ಯಾಡ. ಉಂಡ ಮ್ಯಾಲ ಹತ್ತು ಮಿನಿಟ್ ಅಡ್ಡಾಡ್ರಿ. ಮುಂದಿನ ತಿಂಗಳು ಮತ್ತೊಂದೀಟು ಹೆಚ್ಚು ಮಾಡ್ರಿ."

"ಇಷ್ಟೇನ್ರಿ?"

"ಇಷ್ಟು ದಿನಾ ಮಾಡಿ ತೋರಸ್ರಿ."

ಇಷ್ಟೇ ಎನಿಸಿದ್ದು ಮೊದಲ ವಾರ ಬೆಟ್ಟವಾಯಿತು. ಸಕ್ಕರೆಯಿಲ್ಲದ ಚಹಾ ಕಷಾಯದಂತಿತ್ತು. ಎರಡು ಸಲ ಕದ್ದು ಮಿರ್ಚಿ ತಿಂದರು, ಮೂರನೆಯ ಸಲ ತಾವಾಗಿಯೇ ಜಯಮಾಲಾಳಿಗೆ ಹೇಳಿ ಒಂದೇ ತಿಂದರು. ಇನ್ನು ಮೊಬೈಲ್ ತಾವೇ ಇಟ್ಟುಕೊಳ್ಳುವುದಾಗಿ ಕಚೇರಿಯಲ್ಲಿ ಹೇಳಿದಾಗ ಮಾಳಿಂಗಪ್ಪ, "ಛಲೋ ಆತ್ರಿ, ಫೋನ್ ಕಾದು ಎದಿ ಮ್ಯಾಲ ಒಲಿ ಹೊತ್ತಂಗ ಆಗ್ತಿತ್ತು," ಎಂದ. ಪಕ್ಕದ ಕೋಣೆಯ ಕಡತಗಳನ್ನು ಸಾಹೇಬರು ತಾವೇ ಎದ್ದು ತರತೊಡಗಿದರು.

ಅಷ್ಟರಲ್ಲಿ ಅಭಿಯಾನದ ಎರಡನೇ ಸುತ್ತು ಶುರುವಾಯಿತು. ಕಲ್ಯಾಣಕುಮಾರರು ಗುಂಪಿಗೆ ಎರಡು ಸಾವಿರದ ನೂರಾ ನಲವತ್ತು ಎಂದು ಹಾಕಿದರು. ಮೂರನೇ ದಿನ ನೋಟೀಸು ಬಂತು: 'ದಿಢೀರ್ ಕುಸಿತದ ಬಗ್ಗೆ ಲಿಖಿತ ವಿವರಣೆ ನೀಡುವುದು.'

ಅವರು ಒಂದೇ ಸಾಲು ಬರೆದರು: 'ನಡೆದದ್ದು ಇಷ್ಟೇ.'

ಮೇಲಿನಿಂದ ಉತ್ತರ ಬಂತು: 'ನಡೆದದ್ದನ್ನು ಸವಿಸ್ತಾರವಾಗಿ ತಿಳಿಸುವುದು.'

ಆ ಪತ್ರವ್ಯವಹಾರ ಇನ್ನೂ ಮುಗಿದಿಲ್ಲ. ಐದು ತಿಂಗಳಲ್ಲಿ ಸಾಹೇಬರು ನಾಲ್ಕು ಕೆ.ಜಿ. ಇಳಿದಿದ್ದಾರೆ, ಸಕ್ಕರೆ ಹತೋಟಿಗೆ ಬಂದಿದೆ. ಅದಕ್ಕೆ ಯಾರೂ ಬಹುಮಾನ ಕೊಟ್ಟಿಲ್ಲ. ಸಂಜೆ ಗಂಡಹೆಂಡತಿ ವಿಜಯಪುರ ರಸ್ತೆಯ ಅಂಚಿನಲ್ಲಿ ಲಾರಿಗಳ ಧೂಳಿಗೆ ಮೂಗು ಮುಚ್ಚಿಕೊಂಡು ಊರ ಹೊರಗಿನ ತೊಗರಿ ಹೊಲದತನಕ ಹೋಗುತ್ತಾರೆ. ಜಯಮಾಲಾ ಹತ್ತು ಮಾರು ಮುಂದೆ ಇರುತ್ತಾಳೆ. "ಜರಾ ನಿಂದ್ರ," ಎಂದು ಹಿಂದಿನಿಂದ ಸಾಹೇಬರು ಕೂಗುತ್ತಾರೆ. ಅವಳು ನಿಲ್ಲುವುದಿಲ್ಲ.